ಚಂದ್ರನು ಕಳಚಿಕೊಂಡ ದಿನ

ಪ್ರತಿ ವರ್ಷ ಸೆಪ್ಟೆಂಬರ್ ೧೩ನೆಯ ತಾರೀಖು ಬಂದಿತೆಂದರೆ ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಕೆಲವರು ಒಂದು ವಿಚಿತ್ರವಾದ ಹಬ್ಬವನ್ನು ಆಚರಿಸುತ್ತಾರೆ. ಅವರು ಅದಕ್ಕೆ ಇಟ್ಟಿರುವ ಹೆಸರು ‘ಬ್ರೇಕ್‌ಅವೇ ದಿನ’. ನಮ್ಮ ಮಾತಿನಲ್ಲಿ ‘ಕಳಚಿಕೊಂಡ ದಿನ’ ಎನ್ನಬಹುದು. ಕಳಚಿಕೊಂಡದ್ದು ಯಾವುದು? ಚಂದ್ರ. ಎಲ್ಲಿಂದ? ಭೂಮಿಯ ಹಿಡಿತದಿಂದ. ಎಂದು? ೧೯೯೯ನೆಯ ಇಸವಿ ಸೆಪ್ಟೆಂಬರ್ ೧೩ರಂದು. ವಾಚಕರು ಗಾಬರಿಯಾಗಿ ಅಂಗಳಕ್ಕೆ ಓಡಿ ಆಕಾಶವನ್ನು ನೋಡಬೇಕಾಗಿಲ್ಲ. ಈ ಅನಾಹುತ ನಡೆದದ್ದು ಒಂದು ದೂರದರ್ಶನ ಕಥಾಮಾಲಿಕೆಯಲ್ಲಿ ಮಾತ್ರ.

ಮಾಲಿಕೆಯ ಹೆಸರು ‘ಸ್ಪೇಸ್: ೧೯೯೯’. ಬ್ರಿಟನ್ನಿನ ಗೆರಿ ಆಂಡರ್‌ಸನ್ ಮತ್ತು ಸಿಲ್ವಿಯಾ ಆಂಡರ್‌ಸನ್ ದಂಪತಿಗಳು ಅದನ್ನು ರೂಪಿಸಿದರು. ಅದು ೧೯೭೫ರಲ್ಲಿ ಮೊದಲು ಪ್ರಸಾರವಾಯಿತು. ಕಥೆಯ ಸಾರ ಇಷ್ಟು: ೧೯೯೯ರ ವೇಳೆಗೆ ಮಾನವನು ಚಂದ್ರನ ಮೇಲೆ ‘ಆಲ್ಫಾ’ ಎಂಬ ನೆಲೆಯೊಂದನ್ನು ಕಟ್ಟಿದ್ದಾನೆ. ಭೂಮಿಯ ಪರಮಾಣು ಸ್ಥಾವರಗಳಿಂದ ಬಂದ ಕಸವನ್ನೆಲ್ಲ ಒಯ್ದು ಚಂದ್ರನ ಆಚೆಯ ಮೈಯಲ್ಲಿ, ಎಂದರೆ ನಮಗೆ ಎಂದೂ ಕಾಣಿಸದ ಮಗ್ಗುಲಿನಲ್ಲಿ, ಹೂಳಲಾಗಿದೆ. ಒಂದು ದಿನ ಆ ರಾಶಿ ಸಿಡಿಯುತ್ತದೆ. ಸಿಡಿತದ ರಭಸಕ್ಕೆ ಚಂದ್ರನು ಕಕ್ಷೆಯನ್ನು ಬಿಟ್ಟು, ನೆಲೆಯಲ್ಲಿದ್ದ ೩೧೧ ಜನರನ್ನು ಹೊತ್ತುಕೊಂಡು, ಅನಂತ ಆಕಾಶದಲ್ಲಿ ಅಲೆಯತೊಡಗುತ್ತಾನೆ. ಮುಂದೆ ವಾರಕ್ಕೊಂದು ಹೊಸ ಗ್ರಹ, ವಾರಕ್ಕೊಂದು ಹೊಸ ಸಂಕಟ.

ಎರಡು ಭಾಗಗಳಲ್ಲಿ ೪೮ ಕಂತುಗಳಾದ ಮೇಲೆ, ೧೯೭೭ರಲ್ಲಿ ಮಾಲಿಕೆ ನಿಂತುಹೋಯಿತು. ಮೂರನೆಯ ಭಾಗ ಹೊರಬರಲೇ ಇಲ್ಲ. ಕಥೆಗೆ ಮುಕ್ತಾಯವೂ ದೊರಕಲಿಲ್ಲ. ಅಲೆಯುತ್ತಿದ್ದವರು ಅಲೆಯುತ್ತಲೇ ಉಳಿದರು. (ಎರಡನೆಯ ಭಾಗದ ನಿರ್ಮಾಪಕರಾಗಿದ್ದ ಫ್ರೆಡ್ ಫ್ರೈಬರ್ಗರ್ ಅವರೇ ‘ಸ್ಟಾರ್ ಟ್ರೆಕ್’ ಎಂಬ ಇನ್ನೊಂದು ಪ್ರಖ್ಯಾತ ಮಾಲಿಕೆಯ ಕೊನೆಯ ವರ್ಷಕ್ಕೂ ನಿರ್ಮಾಪಕರು. ಅದು ೧೯೬೯ರಲ್ಲಿ ನಿಂತಿತು. ಎರಡು ಸಾವುಗಳ ಹೊಣೆಯನ್ನೂ ಅಭಿಮಾನಿಗಳು ಅವರ ತಲೆಗೇ ಕಟ್ಟುವುದುಂಟು. ಅದು ಪೂರ್ತಿ ನ್ಯಾಯವೆಂದು ನಮಗೆ ತೋರದು.)

ನಿಂತುಹೋದ ನಾಟಕವನ್ನು ಜನ ಮರೆಯುವುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ಕಥೆಯಲ್ಲಿ ನಮೂದಾಗಿದ್ದ ತಾರೀಖನ್ನು ಅಭಿಮಾನಿಗಳು ಇಪ್ಪತ್ತೆರಡು ವರ್ಷ ಕಾದರು. ನಿಜವಾದ ೧೯೯೯ರ ಸೆಪ್ಟೆಂಬರ್ ೧೩ ಬಂದಾಗ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಒಟ್ಟುಗೂಡಿದರು. ಮಾಲಿಕೆಯ ಲೇಖಕರಲ್ಲೊಬ್ಬರಾದ ಜಾನಿ ಬರ್ನ್ ಬರೆದ ಒಂದು ಕಿರುಚಿತ್ರವನ್ನು ಅಂದು ತೋರಿಸಲಾಯಿತು. ಅದರಲ್ಲಿ ಹಳೆಯ ಪಾತ್ರಧಾರಿಣಿ ಜೀನಿಯಾ ಮರ್ಟನ್ ತಮ್ಮ ಪಾತ್ರವನ್ನೇ ಮತ್ತೆ ಧರಿಸಿ, ಚಂದ್ರನನ್ನು ಬಿಟ್ಟು ಬೇರೊಂದು ಗ್ರಹಕ್ಕೆ ಇಳಿಯಲು ಹೊರಟ ತಮ್ಮವರ ಕೊನೆಯ ಸಂದೇಶವನ್ನು ಭೂಮಿಗೆ ಕಳುಹಿಸುತ್ತಾರೆ. ವ್ಯಾಪಾರದವರು ಕೊಡದೆ ಬಿಟ್ಟ ಮುಕ್ತಾಯವನ್ನು ಹೀಗೆ ನೋಡುಗರೇ ಸಂಪಾದಿಸಿಕೊಂಡರು.

ಈ ದಿನದ ಬಗೆಗೆ ನಮಗೆ ಆಸಕ್ತಿ ಹುಟ್ಟಿದ್ದು ಒಂದು ಆಕಸ್ಮಿಕದಿಂದ. ೧೯೯೯ರ ಸೆಪ್ಟೆಂಬರ್ ೧೩, ಸೋಮವಾರ. ಹಳೆಯ ಪಂಚಾಂಗವನ್ನು ತೆರೆದರೆ ಅಂದು ಭಾದ್ರಪದ ಶುದ್ಧ ಚತುರ್ಥಿ, ಎಂದರೆ ಗಣೇಶನ ಹಬ್ಬ! ಅಂದು ಸಂಜೆ ಚಂದ್ರನನ್ನು ನೋಡಬಾರದು, ನೋಡಿದರೆ ಅಪವಾದ ತಪ್ಪದು ಎಂಬುದು ನಮ್ಮ ಹಿರಿಯರ ಎಚ್ಚರಿಕೆ. ಅಕಸ್ಮಾತ್ತಾಗಿ ನೋಡಿದವರಿಗೆ ಶ್ಯಮಂತಕ ಮಣಿಯ ಕಥೆಯೇ ಪರಿಹಾರ. ಲಾಸ್ ಏಂಜಲೀಸಿನಲ್ಲಿ ಜನರು ಚಂದ್ರನು ಹೋಗಿಬಿಟ್ಟನೆಂದು ಕೂಡಿ ಸಂಭ್ರಮಿಸಿದ ಅದೇ ತಾರೀಖಿನಂದು, ನಮ್ಮ ಹುಲಿಯೂರುದುರ್ಗದ ಮನೆಮನೆಗಳಲ್ಲಿ ಮಕ್ಕಳು ಚಂದ್ರನು ಇದ್ದಾನೆಂಬ ಭಯದಿಂದಲೇ ಪಡುವಣ ದಿಕ್ಕಿಗೆ ಬೆನ್ನುಮಾಡಿ ಕುಳಿತಿರಬೇಕು. ಬಿಂಬದ ಏಳನೆಯ ಒಂದು ಪಾಲಿನಷ್ಟು ಮಾತ್ರ ಬೆಳಗಿದ ಆ ಚೌತಿಯ ಚಂದ್ರನು, ಯಾರು ನೋಡಲಿ ಬಿಡಲಿ, ಎಂದಿನಂತೆ ಮುಳುಗಿದನು.

ಕಥೆಯಲ್ಲಿ ನಡೆದದ್ದು ನಿಜವಾಗಿ ನಡೆಯಬಲ್ಲದೆ? ವಿದ್ಯಾರ್ಥಿಗಳಿಗೆ ಈ ಪ್ರಶ್ನೆಯನ್ನು ಹಾಕಿದರೆ ‘ಸಾಧ್ಯವಿಲ್ಲ’ ಎಂದು ನಕ್ಕುಬಿಡುತ್ತಾರೆ. ಉತ್ತರ ಸರಿ. ಆದರೆ ಏಕೆ ಸಾಧ್ಯವಿಲ್ಲ, ಎಷ್ಟರಮಟ್ಟಿಗೆ ಸಾಧ್ಯವಿಲ್ಲ ಎಂದು ಮರುಪ್ರಶ್ನೆ ಹಾಕಿದರೆ ತರಗತಿ ಮೌನವಾಗುತ್ತದೆ. ಭೌತಶಾಸ್ತ್ರ ಆರಂಭವಾಗುವುದು ಈ ‘ಎಷ್ಟು’ ಎಂಬಲ್ಲಿ. ಪ್ರಖ್ಯಾತ ಲೇಖಕ ಐಸಾಕ್ ಅಸಿಮೋವ್ ಅವರು ೧೯೭೫ರಲ್ಲಿಯೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಮಾಲಿಕೆಯ ವಿಜ್ಞಾನವನ್ನು ಟೀಕಿಸಿ ಬರೆದಿದ್ದರು. ನಾವು ಅವರ ಮಾತಿಗೆ ಕಾಯದೆ ಪ್ರೌಢಶಾಲೆಯ ಗಣಿತದಿಂದಲೇ ಲೆಕ್ಕ ಹಾಕಿನೋಡೋಣ.

ರಾಗಿಯ ಹೊಲದಲ್ಲಿ ಹಕ್ಕಿಗಳನ್ನು ಓಡಿಸಲು ಕವಣೆ ಬೀಸುವುದನ್ನು ನಮ್ಮ ಸೀಮೆಯ ಓದುಗರು ಕಂಡಿರಬಹುದು. ಕಲ್ಲು ಸುತ್ತುತ್ತಿರುವಷ್ಟು ಹೊತ್ತೂ ಹಗ್ಗ ಅದನ್ನು ಒಳಕ್ಕೆ ಎಳೆಯುತ್ತಿರುತ್ತದೆ. ಚಂದ್ರನ ವಿಷಯದಲ್ಲಿ ಆ ಹಗ್ಗವೇ ಗುರುತ್ವಾಕರ್ಷಣೆ. ಭೂಮಿಗೂ ಚಂದ್ರನಿಗೂ ಸರಾಸರಿ ೩,೮೪,೪೦೦ ಕಿಲೋಮೀಟರು ದೂರ. ಆ ವೃತ್ತದ ಸುತ್ತಳತೆ ಸುಮಾರು ೨೪ ಲಕ್ಷ ೧೫ ಸಾವಿರ ಕಿಲೋಮೀಟರು. ಅದನ್ನು ಚಂದ್ರನು ೨೭.೩ ದಿನಗಳಲ್ಲಿ, ಎಂದರೆ ಸುಮಾರು ೨೩ ಲಕ್ಷ ೫೯ ಸಾವಿರ ಸೆಕೆಂಡುಗಳಲ್ಲಿ, ಸುತ್ತಿಬರುತ್ತಾನೆ. ಭಾಗಿಸಿದರೆ ವೇಗವು ಸೆಕೆಂಡಿಗೆ ೧.೦೨ ಕಿಲೋಮೀಟರು ಎಂದು ದೊರೆಯುತ್ತದೆ. ವೃತ್ತಾಕಾರವಾಗಿ ಸುತ್ತುವ ಯಾವ ಕಾಯವೇ ಆಗಲಿ, ಹಿಡಿತದಿಂದ ಶಾಶ್ವತವಾಗಿ ಪಾರಾಗಬೇಕಾದರೆ ಅದರ ವೇಗವು ಎರಡರ ವರ್ಗಮೂಲದಷ್ಟು, ಎಂದರೆ ೧.೪೧ರಷ್ಟು, ಹೆಚ್ಚಬೇಕು. ಇದಕ್ಕೆ ವಿಮೋಚನ ವೇಗವೆಂದು ಹೆಸರು. ಚಂದ್ರನಿಗೆ ಅದು ಸೆಕೆಂಡಿಗೆ ೧.೪೪ ಕಿಲೋಮೀಟರು.

ಕೊರತೆ ೦.೪೨ ಕಿಲೋಮೀಟರು ಮಾತ್ರ! ಇದನ್ನು ನೋಡಿ ಕಥೆಗಾರರ ಪರ ವಾದಿಸಲು ಯಾರಿಗಾದರೂ ಆಸೆಯಾದೀತು. ಆದರೆ ಚಂದ್ರನ ತೂಕವನ್ನು ಮರೆಯಬಾರದು. ಅವನ ದ್ರವ್ಯರಾಶಿ ೭೩೫ರ ಮುಂದೆ ಇಪ್ಪತ್ತು ಸೊನ್ನೆಗಳನ್ನಿಟ್ಟಷ್ಟು ಕಿಲೋಗ್ರಾಮು. ಇಷ್ಟು ಭಾರದ ಕಾಯದ ಚಲನಶಕ್ತಿಯನ್ನು ಬೇಕಾದಷ್ಟು ಏರಿಸಲು ೩೮ರ ಮುಂದೆ ಇಪ್ಪತ್ತೇಳು ಸೊನ್ನೆಗಳಷ್ಟು ಜೂಲ್ ಶಕ್ತಿ ಬೇಕು. ಮಾನವನು ಇದುವರೆಗೆ ಸಿಡಿಸಿದ ಬಾಂಬುಗಳಲ್ಲೆಲ್ಲ ಅತ್ಯಂತ ದೊಡ್ಡದು ಸೋವಿಯೆತ್ ಒಕ್ಕೂಟವು ೧೯೬೧ರ ಅಕ್ಟೋಬರ್ ೩೦ರಂದು ಪರೀಕ್ಷಿಸಿದ ಹೈಡ್ರೋಜನ್ ಬಾಂಬು. ಸುಮಾರು ೫೦ ಮೆಗಾಟನ್. ಅಂಥವು ೧೮ ಸಾವಿರ ಕೋಟಿ ಬೇಕಾಗುತ್ತವೆ. ಸೆಕೆಂಡಿಗೆ ಒಂದರಂತೆ ಸಿಡಿಸಿದರೂ ಮುಗಿಸಲು ಸುಮಾರು ಐದು ಸಾವಿರದ ಏಳುನೂರು ವರ್ಷ ಹಿಡಿಯುತ್ತದೆ.

ಇದು ಒಂದು ಕಾಳು ಶಕ್ತಿಯೂ ವ್ಯರ್ಥವಾಗದೆ ಚಂದ್ರನನ್ನು ಮುಂದೂಡಿತು ಎಂಬ ಉದಾರ ಭಾವನೆಯಿಂದ ಹಾಕಿದ ಲೆಕ್ಕ. ನ್ಯೂಟನ್ನನ ಮೂರನೆಯ ನಿಯಮ ಅಷ್ಟು ಉದಾರವಲ್ಲ. ದೋಣಿಯೊಳಗೆ ನಿಂತು ದೋಣಿಯ ಗೋಡೆಯನ್ನೇ ತಳ್ಳಿದರೆ ದೋಣಿ ಸಾಗದು. ಸಾಗಬೇಕಾದರೆ ಏನನ್ನಾದರೂ ಹಿಂದಕ್ಕೆ ಎಸೆಯಬೇಕು. ರಾಕೆಟ್ಟು ಹೊಗೆಯನ್ನು ಎಸೆಯುವುದು ಇದಕ್ಕಾಗಿಯೇ. ಹಾಗೆಯೇ ಚಂದ್ರನು ಮುಂದೆ ಹೋಗಬೇಕಾದರೆ ತನ್ನ ಮೈಯ ಕಲ್ಲುಮಣ್ಣನ್ನೇ ಹಿಂದಕ್ಕೆ ಉಗುಳಬೇಕು.

ಇಲ್ಲಿ ಕಥೆಗಾರರು ಗಮನಿಸದೆ ಬಿಟ್ಟ ಸ್ವಾರಸ್ಯವೊಂದಿದೆ. ಕಸ ಹೂಳಿದ್ದು ಆಚೆಯ ಮೈಯಲ್ಲಿ. ಅಲ್ಲಿ ಸಿಡಿದರೆ ಕಲ್ಲುಮಣ್ಣು ಭೂಮಿಯಿಂದ ದೂರಕ್ಕೆ ಹಾರುತ್ತದೆ. ಚಂದ್ರನಿಗೆ ನೂಕು ಬೀಳುವುದು ಅದರ ವಿರುದ್ಧ ದಿಕ್ಕಿಗೆ, ಎಂದರೆ ನಮ್ಮ ಕಡೆಗೆ! ಅಡ್ಡಲಾಗಿ ಸಾಗುತ್ತಿರುವ ಚಂದ್ರನನ್ನು ಒಳಮುಖವಾಗಿ ನೂಕಿ ಬಿಡಿಸಬೇಕಾದರೆ ೦.೪೨ ಸಾಲದು, ಸೆಕೆಂಡಿಗೆ ೧.೦೨ ಕಿಲೋಮೀಟರಿನ ಹೊಸ ವೇಗವನ್ನೇ ಕೊಡಬೇಕು. (ಲಂಬಕೋನ ತ್ರಿಭುಜವನ್ನು ಬರೆದು ಪೈಥಾಗೊರಸನ ಪ್ರಮೇಯದಿಂದ ತಾಳೆ ನೋಡಬಹುದು.) ಆಗ ಚಂದ್ರನು ಹೊರಟುಹೋಗುವುದು ಹೌದು, ಆದರೆ ಮೊದಲು ನಮ್ಮತ್ತ ಧಾವಿಸಿ, ಈಗಿನ ಅರ್ಧ ದೂರಕ್ಕೆ, ಎಂದರೆ ಸುಮಾರು ೧,೯೨,೦೦೦ ಕಿಲೋಮೀಟರಿನಷ್ಟು ಹತ್ತಿರಕ್ಕೆ ಬಂದು, ಭೂಮಿಯನ್ನು ಬಳಸಿಕೊಂಡು ಹೋಗುತ್ತಾನೆ. ಕಡಲನ್ನು ಉಬ್ಬಿಸುವ ಬಲವು ದೂರದ ಘನಕ್ಕೆ ವಿಲೋಮವಾದ್ದರಿಂದ ಆ ಹೊತ್ತಿನಲ್ಲಿ ಅದು ಈಗಿನ ಎಂಟರಷ್ಟಾಗುತ್ತದೆ. ಮಂಗಳೂರು, ಕಾರವಾರಗಳ ಗತಿಯನ್ನು ಊಹಿಸಿಕೊಳ್ಳಿ. ಹೋಗುವವನು ಸುಮ್ಮನೆ ಹೋಗುವುದಿಲ್ಲ.

ಎಸೆದ ಕಲ್ಲುಮಣ್ಣು ಸೆಕೆಂಡಿಗೆ ಹತ್ತು ಕಿಲೋಮೀಟರು ವೇಗದಿಂದ ಹಾರಿತೆಂದು ಇಟ್ಟುಕೊಳ್ಳೋಣ. ಸಂವೇಗವು ಎರಡೂ ಕಡೆ ಸಮವಾಗಬೇಕಾದರೆ ಚಂದ್ರನ ಮೈಯ ಹತ್ತರಲ್ಲೊಂದು ಪಾಲು ಹಾರಿಹೋಗಬೇಕು. ಅಷ್ಟಕ್ಕೆ ಬೇಕಾಗುವ ಶಕ್ತಿ, ಇಡೀ ಚಂದ್ರನನ್ನು ಪುಡಿಪುಡಿಮಾಡಿ ಮತ್ತೆಂದೂ ಕೂಡದಂತೆ ಚೆದುರಿಸಲು ಸಾಕಾಗುವ ಶಕ್ತಿಯ ಮೂರರಷ್ಟು. ಆದ್ದರಿಂದ ೩೧೧ ಜನರು ಗಾಜಿನ ಕಿಟಕಿಗಳ ಹಿಂದೆ ಕುಳಿತು ಭೂಮಿ ದೂರವಾಗುವುದನ್ನು ನೋಡುವ ಪ್ರಸಂಗವೇ ಬರುವುದಿಲ್ಲ. ನೋಡಲು ಅವರೂ ಇರುವುದಿಲ್ಲ, ಚಂದ್ರನೂ ಇರುವುದಿಲ್ಲ.

ಅಷ್ಟನ್ನೂ ಕ್ಷಮಿಸಿ ಚಂದ್ರನನ್ನು ಇಡಿಯಾಗಿಯೇ ಬಿಡಿಸಿಕೊಟ್ಟೆವೆನ್ನಿ. ಆಗಲೂ ಅವನು ನಕ್ಷತ್ರಲೋಕಕ್ಕೆ ಹೋಗಲಾರ. ಭೂಮಿಯೊಡನೆ ಸೇರಿ ಅವನು ಸೂರ್ಯನನ್ನು ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರು ವೇಗದಲ್ಲಿ ಸುತ್ತುತ್ತಿದ್ದಾನಷ್ಟೆ. ಸೂರ್ಯನಿಂದ ಪಾರಾಗಲು ೪೨ ಬೇಕು. ಒಂದೆರಡು ಕಿಲೋಮೀಟರಿನ ಹೆಚ್ಚಳದಿಂದ ಅವನು ನಮ್ಮ ಪಕ್ಕದಲ್ಲಿಯೇ ಸೂರ್ಯನನ್ನು ಸುತ್ತುವ ಇನ್ನೊಂದು ಸಣ್ಣ ಗ್ರಹವಾಗುತ್ತಾನೆ. ಊರು ಬಿಟ್ಟು ಹೋದವನು ನೆರೆಯ ಬೀದಿಯಲ್ಲಿ ಮನೆಮಾಡಿದಂತೆ! ಹೇಗೋ ಹೊರಟು ಸೆಕೆಂಡಿಗೆ ೩೦ ಕಿಲೋಮೀಟರಿನಂತೆಯೇ ಸಾಗಿದರೂ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು ಮುಟ್ಟಲು ನಲವತ್ತೆರಡು ಸಾವಿರ ವರ್ಷಗಳಾಗುತ್ತವೆ. ವಾರಕ್ಕೊಂದು ಗ್ರಹ ಸಿಕ್ಕುವ ಮಾತೆಲ್ಲಿ?

ಇನ್ನು ಸಿಡಿತದ ಕಾರಣ. ಪರಮಾಣು ಕಸವು ಬಾಂಬಿನಂತೆ ಸಿಡಿಯುವುದಿಲ್ಲ. ಬಾಂಬಿನಲ್ಲಿ ಶುದ್ಧಗೊಳಿಸಿದ ಯುರೇನಿಯಂ ಇಲ್ಲವೆ ಪ್ಲುಟೋನಿಯಮ್ಮನ್ನು ಕ್ಷಣಾರ್ಧಕ್ಕಿಂತಲೂ ಬೇಗನೆ ಒತ್ತಿ ಒಂದುಗೂಡಿಸಬೇಕು. ಆಗ ಮಾತ್ರ ಸರಪಳಿ ಕ್ರಿಯೆ ಕಾಳ್ಗಿಚ್ಚಿನಂತೆ ಹರಡುತ್ತದೆ. ಉರಿದುಳಿದ ಕಸದಲ್ಲಿ ಆ ಏರ್ಪಾಡಿಲ್ಲ. ಅದು ವಿಕಿರಣವನ್ನು ಸೂಸುತ್ತ ನಿಧಾನವಾಗಿ ಬಿಸಿಯಾಗುತ್ತಿರುತ್ತದೆ, ಅಷ್ಟೆ. ಆದರೆ ಈ ‘ಅಷ್ಟೆ’ ಸಣ್ಣದಲ್ಲ. ೧೯೫೭ರ ಸೆಪ್ಟೆಂಬರ್ ೨೯ರಂದು ಸೋವಿಯೆತ್ ಒಕ್ಕೂಟದ ಯುರಲ್ ಸೀಮೆಯಲ್ಲಿ, ತಂಪುಗೊಳಿಸುವ ವ್ಯವಸ್ಥೆ ಕೆಟ್ಟುಹೋಗಿ ಇಂಥ ಕಸ ತುಂಬಿದ ತೊಟ್ಟಿಯೊಂದು ಸಿಡಿಯಿತು. ಸಿಡಿತ ರಾಸಾಯನಿಕವಾದದ್ದು, ಬಾಂಬಿನದಲ್ಲ. ಆದರೂ ವಿಕಿರಣಶೀಲ ಧೂಳು ವಿಸ್ತಾರವಾದ ಪ್ರದೇಶದ ಮೇಲೆ ಬಿದ್ದು ಹಳ್ಳಿಗಳನ್ನು ತೆರವು ಮಾಡಬೇಕಾಯಿತು. ಕಿಷ್ಟಿಮ್ ದುರಂತವೆಂದು ಇದಕ್ಕೆ ಹೆಸರು. ಸುದ್ದಿಯನ್ನು ಬಹುಕಾಲ ಮುಚ್ಚಿಡಲಾಗಿತ್ತಾದ್ದರಿಂದ ಕಥೆ ಬರೆದವರಿಗೆ ಇದರ ಪೂರ್ಣ ವಿವರ ಗೊತ್ತಿದ್ದಿರಲಾರದು. ಹಾಗಿದ್ದರೂ ಅವರ ಕಾತರ ಸರಿಯಾದ ಜಾಗದಲ್ಲಿತ್ತು. ಚಂದ್ರನ ಚಲನೆಯ ಲೆಕ್ಕದಲ್ಲಿ ಅವರಿಗೆ ಸೊನ್ನೆ ಅಂಕ ಕೊಡಬಹುದು. ಕಸವನ್ನು ಎಲ್ಲಿಡುವುದು ಎಂದು ಕೇಳಿದ್ದಕ್ಕೆ ಪೂರ್ಣ ಅಂಕ ಕೊಡಬೇಕು.

ಆ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಹೌದು. ಕಥೆಯ ಚಂದ್ರನು ಹೊರಟುಹೋದ ಹನ್ನೊಂದು ದಿನಗಳ ತರುವಾಯ, ೧೯೯೯ರ ಸೆಪ್ಟೆಂಬರ್ ೨೪ರಂದು, ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಎರಡನೆಯ ಘಟಕದ ಸರಪಳಿ ಕ್ರಿಯೆ ಮೊದಲ ಬಾರಿಗೆ ಆರಂಭವಾಯಿತು. ಮೊದಲನೆಯ ಘಟಕ ಅದರ ಮರುವರ್ಷ. (ಎರಡನೆಯದು ಮೊದಲು, ಮೊದಲನೆಯದು ಆಮೇಲೆ!) ಉರಿದ ಇಂಧನದಿಂದ ಮತ್ತೆ ಉಪಯೋಗಕ್ಕೆ ಬರುವ ಧಾತುಗಳನ್ನು ಬೇರ್ಪಡಿಸಿ, ಉಳಿದ ಉಗ್ರವಾದ ಕಸವನ್ನು ಗಾಜಿನೊಳಗೆ ಕರಗಿಸಿ ಸೇರಿಸಿ, ಉಕ್ಕಿನ ಪಾತ್ರೆಗಳಲ್ಲಿಟ್ಟು ಕಾಯುವುದು ನಮ್ಮ ದೇಶ ಹಿಡಿದಿರುವ ಮಾರ್ಗ. ಚಂದ್ರನಿಗೆ ಒಯ್ಯುವ ಆಲೋಚನೆಗಿಂತ ಇದು ಎಷ್ಟೋ ಮೇಲು. ಆದರೆ ಕಾಯಬೇಕಾದ ಕಾಲವನ್ನು ತಲೆಮಾರುಗಳಲ್ಲಿ ಎಣಿಸಬೇಕೆಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರಬೇಕು, ಏಕೆಂದರೆ ಆ ಕಾವಲಿನ ಮುಂದಿನ ಸರದಿ ಅವರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸೋಜಿಗವನ್ನು ಹೇಳದಿದ್ದರೆ ಕಥೆಗಾರರಿಗೆ ಅನ್ಯಾಯವಾದೀತು. ಚಂದ್ರನು ನಿಜವಾಗಿಯೂ ನಮ್ಮನ್ನು ಬಿಟ್ಟು ಸರಿಯುತ್ತಿದ್ದಾನೆ! ಇದಕ್ಕೆ ಬಾಂಬು ಬೇಕಿಲ್ಲ, ಕಡಲು ಸಾಕು. ಕುಣಿಗಲ್ ಕೆರೆಯಲ್ಲಿ ಉಬ್ಬರವಿಳಿತ ಕಣ್ಣಿಗೆ ಕಾಣಿಸದು. ಮಹಾಸಾಗರಗಳಲ್ಲಿ ಚಂದ್ರನ ಸೆಳೆತಕ್ಕೆ ನೀರು ಉಬ್ಬುತ್ತದೆ. ಚಂದ್ರನು ಒಂದು ಸುತ್ತು ಬರುವುದರೊಳಗೆ ಭೂಮಿ ಇಪ್ಪತ್ತೇಳು ಸಲ ತಿರುಗಿರುತ್ತದೆಯಾದ್ದರಿಂದ, ಭೂಮಿಯು ಆ ಉಬ್ಬನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಎಳೆದೊಯ್ಯುತ್ತದೆ. ಮುಂದಿರುವ ಆ ಉಬ್ಬು ಚಂದ್ರನನ್ನು ಮುಂದಕ್ಕೆ ಸೆಳೆಯುತ್ತದೆ. ಅವನ ಕಕ್ಷೆ ಹಿಗ್ಗುತ್ತದೆ. ಪ್ರತಿಫಲವಾಗಿ ಭೂಮಿಯ ತಿರುಗುವಿಕೆ ನಿಧಾನವಾಗಿ, ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ನಮ್ಮ ದಿನ ಉದ್ದವಾಗುತ್ತದೆ.

ಹೀಗೆ ಸರಿಯುವ ವೇಗ ವರ್ಷಕ್ಕೆ ೩.೮ ಸೆಂಟಿಮೀಟರು. ಇದು ಊಹೆಯಲ್ಲ, ಅಳತೆ. ೧೯೬೯ರ ಜುಲೈನಲ್ಲಿ ಅಪೊಲೊ ೧೧ರ ಯಾತ್ರಿಕರು ಚಂದ್ರನ ಮೇಲೆ ಒಂದು ಪ್ರತಿಫಲಕವನ್ನು ಇಟ್ಟುಬಂದರು. ಬಂದ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಗಾಜಿನ ಪಟ್ಟಕಗಳು ಅದರಲ್ಲಿವೆ. ಭೂಮಿಯಿಂದ ಲೇಸರ್ ಮಿಂಚನ್ನು ಅದರತ್ತ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳುತ್ತದೆ. ಕಾಲವನ್ನು ಸೂಕ್ಷ್ಮವಾಗಿ ಅಳೆದರೆ ದೂರ ತಿಳಿಯುತ್ತದೆ. ನಮ್ಮ ದೇಶದ ಚಂದ್ರಯಾನ-೩ರ ‘ವಿಕ್ರಮ್’ ನೌಕೆ ೨೦೨೩ರ ಆಗಸ್ಟ್ ೨೩ರಂದು ಇಳಿದಾಗ ಅದರ ಮೈಮೇಲೆಯೂ ಅಮೆರಿಕದ ಇಂಥದೊಂದು ಪುಟ್ಟ ಪ್ರತಿಫಲಕವಿತ್ತು. ಅದೇ ಡಿಸೆಂಬರ್ ೧೨ರಂದು ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ಲೇಸರ್ ಬೆಳಕನ್ನು ಬಿಟ್ಟು ಅದರಿಂದ ಮರಳಿ ಪಡೆಯಿತು. ಹುಲಿಯೂರುದುರ್ಗದಿಂದ ಪೂರ್ವಕ್ಕೆ, ನೇರವಾಗಿ ಅಳೆದರೆ ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿ ಬ್ಯಾಲಾಳು ಎಂಬ ಹಳ್ಳಿಯಿದೆ. ೨೦೦೮ರ ಚಂದ್ರಯಾನ-೧ರ ಕಾಲಕ್ಕೆ ಅಲ್ಲಿ ನಿಲ್ಲಿಸಿದ ೩೨ ಮೀಟರು ವ್ಯಾಸದ ಬೋಗುಣಿಯಂಥ ಆಂಟೆನಾ ಚಂದ್ರನ ಕಡೆಯಿಂದ ಬರುವ ಕ್ಷೀಣ ಸಂದೇಶಗಳನ್ನು ಆಲಿಸುತ್ತದೆ. ಜೀನಿಯಾ ಮರ್ಟನ್ನರ ಪಾತ್ರ ಕಳುಹಿಸಿದಂಥ ಸಂದೇಶವೊಂದು ನಿಜವಾಗಿ ಬಂದಿದ್ದರೆ ಅದನ್ನು ಕೇಳಿಸಿಕೊಳ್ಳಲು ನಮ್ಮ ಸೀಮೆಯಲ್ಲಿಯೇ ಒಂದು ಕಿವಿ ಇದೆಯೆಂದಾಯಿತು.

ವರ್ಷಕ್ಕೆ ೩.೮ ಸೆಂಟಿಮೀಟರಿನ ಲೆಕ್ಕದಲ್ಲಿ, ೧೯೯೯ರ ಆ ಸೆಪ್ಟೆಂಬರಿನಿಂದೀಚೆಗೆ ಚಂದ್ರನು ಸುಮಾರು ಒಂದು ಮೀಟರು ದೂರ ಹೋಗಿದ್ದಾನೆ. ಹಬ್ಬ ಮಾಡುವವರ ಮಾತು ಅಷ್ಟರಮಟ್ಟಿಗೆ ನಿಜ.

ಅವರಿಗೆ ಇದೆಲ್ಲ ತಿಳಿಯದೆಂದು ಭಾವಿಸಬಾರದು. ಅಭಿಮಾನಿಗಳೇ ಇಂಥ ಲೆಕ್ಕಗಳನ್ನು ಹಾಕಿ ತಮ್ಮ ಮೆಚ್ಚಿನ ಕಥೆಯನ್ನು ತಾವೇ ಹಾಸ್ಯಮಾಡುವುದುಂಟು. ಹಾಗಾದರೆ ಆಚರಿಸುವುದೇಕೆ? ೧೯೭೫ರಲ್ಲಿ ಆ ಮಾಲಿಕೆಯನ್ನು ನೋಡಿದ ಹುಡುಗನಿಗೆ ೧೯೯೯ ಎಂಬುದು ಬಹುದೂರದ, ಬೆರಗಿನ ವರ್ಷ. ಆರು ವರ್ಷಗಳ ಹಿಂದೆಯಷ್ಟೇ ಮಾನವನು ಚಂದ್ರನ ಮೇಲೆ ನಡೆದಿದ್ದನು. ಇನ್ನು ಇಪ್ಪತ್ತನಾಲ್ಕು ವರ್ಷಗಳಲ್ಲಿ ಅಲ್ಲಿ ಊರೇ ಕಟ್ಟುವನೆಂದು ನಂಬಲು ಕಾರಣವಿತ್ತು. ವರ್ಷ ಬಂದಿತು, ಊರು ಬರಲಿಲ್ಲ. ೧೯೭೨ರ ಡಿಸೆಂಬರಿನ ಅಪೊಲೊ ೧೭ರ ನಂತರ ಆ ಶತಮಾನದಲ್ಲಿ ಯಾರೂ ಚಂದ್ರನ ಮೇಲೆ ಕಾಲಿಡಲಿಲ್ಲ. ಸೆಪ್ಟೆಂಬರ್ ೧೩ರಂದು ಅವರು ನೆನೆಯುವುದು ಚಂದ್ರನ ಅಗಲಿಕೆಯನ್ನಲ್ಲ, ಬಾರದೆ ಹೋದ ಆ ೧೯೯೯ನ್ನು ಎಂದು ನಮಗೆ ತೋರುತ್ತದೆ. ಸ್ಟಾರ್ ಟ್ರೆಕ್ಕಿನ ಅಭಿಮಾನಿಗಳು ಈ ವಿಷಯದಲ್ಲಿ ಜಾಣರು: ಅವರು ಏಪ್ರಿಲ್ ೫ರಂದು ಆಚರಿಸುವ ಹಬ್ಬದ ಘಟನೆ ನಡೆಯಬೇಕಾಗಿರುವುದು ೨೦೬೩ರಲ್ಲಿ. ನಿರಾಶೆಗೆ ಇನ್ನೂ ಸಮಯವಿದೆ.

ಚೌತಿಯ ವಿಷಯವಾಗಿ ಇನ್ನೊಂದು ಮಾತು. ಸೆಪ್ಟೆಂಬರ್ ೧೩ಕ್ಕೆ ಗಣೇಶನ ಹಬ್ಬ ಬಂದದ್ದು ೧೯೯೯ರಲ್ಲಿ ಮಾತ್ರವಲ್ಲ. ೨೦೧೮ರಲ್ಲಿಯೂ ಅದು ಅದೇ ತಾರೀಖಿಗೆ ಬಂದಿತ್ತು. ನಡುವಿನ ಅಂತರ ಹತ್ತೊಂಬತ್ತು ವರ್ಷ. ಹತ್ತೊಂಬತ್ತು ಸೌರವರ್ಷಗಳಿಗೆ ೬೯೩೯.೬೦ ದಿನ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದ ೨೩೫ ಚಾಂದ್ರಮಾಸಗಳಿಗೆ ೬೯೩೯.೬೯ ದಿನ. ವ್ಯತ್ಯಾಸ ಎರಡು ಗಂಟೆಯ ಆಸುಪಾಸು. ಆದ್ದರಿಂದ ಹತ್ತೊಂಬತ್ತು ವರ್ಷಗಳಿಗೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಿಮೆ ಕೂಡುತ್ತವೆ. ಕ್ರಿ. ಪೂ. ಐದನೆಯ ಶತಮಾನದ ಅಥೆನ್ಸಿನ ಮೆಟನ್ ಎಂಬ ಜ್ಯೋತಿಷಿಯ ಹೆಸರಿನಿಂದ ಇದನ್ನು ಮೆಟಾನಿಕ್ ಚಕ್ರವೆಂದು ಕರೆಯುತ್ತಾರೆ. ಈ ಲೆಕ್ಕದಂತೆ ೨೦೩೭ರ ಸೆಪ್ಟೆಂಬರ್ ೧೩ರಂದು ಮತ್ತೆ ಭಾದ್ರಪದದ ಚೌತಿ. ಕಳಚಿಕೊಂಡ ದಿನವನ್ನು ಆಚರಿಸುವವರು ಅಂದು ಸಂಜೆ ಪಡುವಣದಲ್ಲಿ ಎಳೆಯ ಚಂದ್ರನನ್ನು ನೋಡಬಹುದು. ನಮ್ಮವರು ನೋಡಬಾರದು.